ಬೆಸಸಂಖ್ಯೆಗಳ ಮೇಲೆ ಬೆಳೆಯುವ ಪೂರ್ಣವರ್ಗಗಳು

ಒಂದು ಪೂರ್ಣಾಂಕವನ್ನು ಅದೇ ಪೂರ್ಣಾಂಕದಿಂದ ಗುಣಿಸಿದಾಗ ದೊರೆಯುವ ಗುಣಲಬ್ಧಕ್ಕೆ ಗಣಿತದಲ್ಲಿ ಪೂರ್ಣವರ್ಗ ಸಂಖ್ಯೆ ಎಂದು ಹೆಸರು. ಎರಡೆರಡ್ಲ ನಾಲ್ಕು, ಮೂರ್ಮೂರ್ಲ ಒಂಬತ್ತು ಎಂದು ಮಗ್ಗಿ ಹೇಳಿ ಬೆಳೆದವರೆಲ್ಲರಿಗೂ 1, 4, 9, 16, 25, 36, 49, 64, 81, 100 ಎಂಬ ಈ ಸಾಲು ಪರಿಚಿತವಾಗಿಯೇ ಇರುತ್ತದೆ. ಹೀಗೆ ವರ್ಗವನ್ನು ಹುಟ್ಟಿಸಿದ ಮೂಲ ಸಂಖ್ಯೆಯನ್ನು ಅದರ ವರ್ಗಮೂಲ ಎನ್ನುತ್ತಾರೆ. 49ರ ವರ್ಗಮೂಲ 7, 100ರ ವರ್ಗಮೂಲ 10. ಶಾಲೆಗಳಲ್ಲಿ ಮೊದಲ ಇಪ್ಪತ್ತೈದು ಅಥವಾ ಮೂವತ್ತು ವರ್ಗಗಳನ್ನು ಕಂಠಪಾಠ ಮಾಡಿಸಿ, ಪರೀಕ್ಷೆಗೆ ಬೇಕಾಗುವ ಕೆಲವು ಸುಲಭೋಪಾಯಗಳನ್ನು ಹೇಳಿಕೊಟ್ಟು ಪಾಠವನ್ನು ಮುಗಿಸುವುದುಂಟು. ಕಂಠಪಾಠ ನಿರರ್ಥಕವೇನಲ್ಲ, ಆದರೆ ಪೂರ್ಣವರ್ಗಗಳು ನೆನಪಿನಲ್ಲಿ ಇಟ್ಟುಕೊಳ್ಳಬೇಕಾದ ಸಂಖ್ಯೆಗಳಾಗಿರುವುದಕ್ಕಿಂತ ಹೆಚ್ಚಾಗಿ ಹೇಗೆ ಕಟ್ಟಲ್ಪಟ್ಟಿವೆ ಎಂದು ಬಿಚ್ಚಿ ನೋಡಬೇಕಾದ ಸಂಖ್ಯೆಗಳು. ಆ ಕಟ್ಟಡದ ಮೂಲವಸ್ತು ಬೆಸಸಂಖ್ಯೆ, ಅಂದರೆ ಎರಡರಿಂದ ಭಾಗಿಸಿದಾಗ ಒಂದು ಶೇಷ ಉಳಿಯುವ 1, 3, 5, 7 ಮೊದಲಾದ ಸಂಖ್ಯೆ. ಈ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದವರಿಗೆ ವರ್ಗಸಂಖ್ಯೆಗಳ ಬಹಳಷ್ಟು ಗುಣಗಳು ತಾವಾಗಿಯೇ ತೆರೆದುಕೊಳ್ಳುತ್ತವೆ.

ಒಂಬತ್ತು ಹುಣಸೆ ಬೀಜಗಳನ್ನು ಸಾಲಿಗೆ ಮೂರರಂತೆ ಮೂರು ಸಾಲುಗಳಲ್ಲಿ ಜೋಡಿಸಿದರೆ ಸರಿಯಾದ ಒಂದು ಚೌಕವಾಗುತ್ತದೆ. ಅದನ್ನು ನಾಲ್ಕು ಸಾಲುಗಳ ಚೌಕವಾಗಿ ಹಿಗ್ಗಿಸಬೇಕಾದರೆ ಬಲಗಡೆಗೆ ಮೂರು, ಕೆಳಗಡೆಗೆ ಮೂರು, ಅವೆರಡೂ ಕೂಡುವ ಮೂಲೆಗೆ ಒಂದು, ಹೀಗೆ ಒಟ್ಟು ಏಳು ಬೀಜಗಳು ಬೇಕು. ಹೊಸದಾಗಿ ಸೇರಿದ ಆ ಪದರ ಬಡಗಿಯ ಮೂಲೆಮಟ್ಟದಂತೆ ಎರಡು ಕೈಗಳನ್ನು ಚಾಚಿಕೊಂಡಿರುತ್ತದೆ. ಎರಡು ಕೈಗಳ ಉದ್ದವೂ ಒಂದೇ ಆಗಿರುವುದರಿಂದ ಅವುಗಳ ಮೊತ್ತ ಯಾವಾಗಲೂ ಸಮಸಂಖ್ಯೆ, ಮೂಲೆಯ ಒಂದು ಬೀಜ ಸೇರಿದಾಗ ಪದರದ ಒಟ್ಟು ಯಾವಾಗಲೂ ಬೆಸಸಂಖ್ಯೆ. ಆದ್ದರಿಂದ ಒಂದು ವರ್ಗದಿಂದ ಅದರ ಮುಂದಿನ ವರ್ಗಕ್ಕೆ ಹೋಗುವ ಹೆಜ್ಜೆಗಳು ಕ್ರಮವಾಗಿ 3, 5, 7, 9, 11 ಎಂದು ಬೆಳೆಯುತ್ತವೆ. ಒಂದರಿಂದ ಆರಂಭಿಸಿ ಕ್ರಮವಾದ ಬೆಸಸಂಖ್ಯೆಗಳನ್ನು ಎಷ್ಟು ಕೂಡಿದರೂ ಮೊತ್ತ ಪೂರ್ಣವರ್ಗವೇ ಆಗಿರುತ್ತದೆ, ಮತ್ತು ಎಷ್ಟು ಬೆಸಸಂಖ್ಯೆಗಳನ್ನು ಕೂಡಲಾಯಿತೋ ಅಷ್ಟೇ ಅದರ ವರ್ಗಮೂಲ. 1+3+5+7+9 ಎಂಬಲ್ಲಿ ಐದು ಸಂಖ್ಯೆಗಳಿವೆ, ಮೊತ್ತ 25. ಇದನ್ನೇ ಹಿಂದುಮುಂದಾಗಿಸಿದರೆ ಒಂದು ಪರೀಕ್ಷೆಯೂ ಸಿಗುತ್ತದೆ: 49ರಿಂದ ಕ್ರಮವಾಗಿ 1, 3, 5, 7, 9, 11, 13 ಕಳೆದರೆ ಏಳನೆಯ ಹೆಜ್ಜೆಗೆ ಸರಿಯಾಗಿ ಸೊನ್ನೆ ಉಳಿಯುತ್ತದೆ, 50ರಿಂದ ಹಾಗೆಯೇ ಕಳೆಯುತ್ತ ಹೋದರೆ ಕೊನೆಗೆ 1 ಉಳಿದು, ಆ ಸಂಖ್ಯೆ ಪೂರ್ಣವರ್ಗವಲ್ಲ ಎಂಬುದು ತಿಳಿಯುತ್ತದೆ.

ಗ್ರೀಸಿನಲ್ಲಿ ಪೈಥಾಗೊರಸನ ಅನುಯಾಯಿಗಳು ಬೆಣಚುಕಲ್ಲುಗಳನ್ನು ಜೋಡಿಸಿ ಈ ಸಂಬಂಧವನ್ನು ಕಂಡಿದ್ದರು. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಇದನ್ನು ವರ್ಗ ಮಾಡುವ ಒಂದು ಕ್ರಮವೆಂದೇ ಎಣಿಸಿ ಗ್ರಂಥಸ್ಥಗೊಳಿಸಿದವನು ಮಹಾವೀರಾಚಾರ್ಯ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಈ ಜೈನ ವಿದ್ವಾಂಸ ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ' ಆ ದೊರೆಯ ಪ್ರಶಂಸೆಯನ್ನೂ ಒಳಗೊಂಡಿದೆ; ಅಂದಿನ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ವರ್ಗ ಎಂಬ ಪರಿಕರ್ಮವನ್ನು, ಅಂದರೆ ಮೂಲ ಗಣಿತ ಕ್ರಿಯೆಯನ್ನು, ವಿವರಿಸುವಾಗ ಮಹಾವೀರಾಚಾರ್ಯ ಒಂದೇ ದಾರಿಗೆ ಅಂಟಿಕೊಳ್ಳುವುದಿಲ್ಲ. ಸಮಾನವಾದ ಎರಡು ರಾಶಿಗಳನ್ನು ಗುಣಿಸುವುದು ಮೊದಲನೆಯ ದಾರಿ. ಇಷ್ಟಬಂದ ಒಂದು ಸಂಖ್ಯೆಯನ್ನು ಮೂಲ ಸಂಖ್ಯೆಯಿಂದ ಕಳೆದು ಮತ್ತು ಅದಕ್ಕೆ ಕೂಡಿಸಿ, ಬಂದ ಎರಡನ್ನು ಗುಣಿಸಿ, ಆ ಇಷ್ಟಸಂಖ್ಯೆಯ ವರ್ಗವನ್ನು ಸೇರಿಸುವುದು ಇನ್ನೊಂದು ದಾರಿ. ಒಂದು ಆದಿಯಾಗಿ ಎರಡರಂತೆ ಹೆಚ್ಚುವ ಶ್ರೇಢಿಯನ್ನು, ಎಂದರೆ ಬೆಸಸಂಖ್ಯೆಗಳ ಸಾಲನ್ನು, ಬೇಕಾದಷ್ಟು ಪದಗಳವರೆಗೆ ಕೂಡಿಸುವುದು ಮತ್ತೊಂದು.

ಇವುಗಳಲ್ಲಿ ಎರಡನೆಯದು ಇಂದಿಗೂ ಮನಸ್ಸಿನಲ್ಲೇ ಲೆಕ್ಕ ಮಾಡುವವರಿಗೆ ಬಹಳ ಉಪಯುಕ್ತವಾದದ್ದು. 47ರ ವರ್ಗ ಬೇಕಾದರೆ 3ನ್ನು ಇಷ್ಟಸಂಖ್ಯೆಯಾಗಿ ತೆಗೆದುಕೊಂಡಾಗ 44 ಮತ್ತು 50 ದೊರೆಯುತ್ತವೆ. ಐವತ್ತರಿಂದ ಗುಣಿಸುವುದು ಸುಲಭವಾದ್ದರಿಂದ 2,200 ಎಂದು ಕೂಡಲೇ ಹೇಳಬಹುದು, ಅದಕ್ಕೆ 3ರ ವರ್ಗವಾದ 9 ಸೇರಿದರೆ 2,209. ಐದರಲ್ಲಿ ಕೊನೆಗೊಳ್ಳುವ ಸಂಖ್ಯೆಗಳ ವರ್ಗಕ್ಕೆ ತರಬೇತಿ ಕೇಂದ್ರಗಳಲ್ಲಿ ಹೇಳಿಕೊಡುವ ಉಪಾಯವೂ ಇದರದೇ ಒಂದು ವಿಶೇಷ ರೂಪ. 65ರ ವರ್ಗಕ್ಕೆ 6ನ್ನು ಅದರ ಮುಂದಿನ 7ರಿಂದ ಗುಣಿಸಿ 42 ಬರೆದು ಅದರ ಪಕ್ಕದಲ್ಲಿ 25 ಇಟ್ಟರೆ 4,225 ಎಂದು ಉತ್ತರ ಬರುವುದೇಕೆಂದರೆ, 65ರಿಂದ 5 ಕಳೆದಾಗ 60, ಕೂಡಿದಾಗ 70, ಅವುಗಳ ಗುಣಲಬ್ಧ 4,200, ಅದರ ಮೇಲೆ 5ರ ವರ್ಗ 25. ಕಾರಣವನ್ನು ತಿಳಿಸದೆ ಉಪಾಯವನ್ನು ಮಾತ್ರ ಕೊಡುವ ಬೋಧನೆಯಲ್ಲಿ ವಿದ್ಯಾರ್ಥಿಗೆ ನಷ್ಟವಾಗುವುದು ಇಂಥ ಕಡೆಯೇ, ಏಕೆಂದರೆ ಕಾರಣ ಗೊತ್ತಿದ್ದವನಿಗೆ ಐದರಲ್ಲಿ ಮುಗಿಯದ ಸಂಖ್ಯೆಗಳಿಗೂ ಅದೇ ದಾರಿ ತೆರೆದಿರುತ್ತದೆ. ಮಹಾವೀರಾಚಾರ್ಯನ ಗ್ರಂಥದಲ್ಲಿ ಗಮನಿಸಬೇಕಾದ ಇನ್ನೊಂದು ಮಾತಿದೆ. ಧನಸಂಖ್ಯೆಯ ವರ್ಗವೂ ಋಣಸಂಖ್ಯೆಯ ವರ್ಗವೂ ಧನವೇ ಆಗಿರುವುದರಿಂದ ಋಣಸಂಖ್ಯೆಯೊಂದು ಸ್ವಭಾವತಃ ವರ್ಗವಾಗಲಾರದು, ಆದ ಕಾರಣ ಅದಕ್ಕೆ ವರ್ಗಮೂಲವೂ ಇಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಹೇಳಲಾಗಿದೆ. ಋಣಸಂಖ್ಯೆಗೂ ವರ್ಗಮೂಲವನ್ನು ಕಲ್ಪಿಸಿಕೊಳ್ಳುವ ಹೊಸ ಸಂಖ್ಯಾವ್ಯವಸ್ಥೆ ಯುರೋಪಿನಲ್ಲಿ ಮೂಡಿದ್ದು ಇದಾದ ಏಳು ಶತಮಾನಗಳ ನಂತರ. ಆ ಪ್ರಶ್ನೆಯನ್ನು ನೇರವಾಗಿ ಎದುರಿಸಿ ಉತ್ತರಿಸಿದ ಗೌರವ ಮಾನ್ಯಖೇಟದ ಆಶ್ರಯದಲ್ಲಿ ಬೆಳೆದ ಈ ವಿದ್ವಾಂಸನಿಗೆ ಸಲ್ಲಬೇಕು.

ಬೆಸಸಂಖ್ಯೆ ಮತ್ತು ವರ್ಗಗಳ ಈ ನಂಟು ಕಾಗದದ ಮೇಲಿನ ಲೆಕ್ಕಕ್ಕೆ ಮಾತ್ರ ಸೀಮಿತವಾಗಿಲ್ಲ. 1638ರಲ್ಲಿ ಲೈಡನ್ ನಗರದಲ್ಲಿ ಪ್ರಕಟವಾದ, ಎರಡು ಹೊಸ ವಿಜ್ಞಾನಗಳನ್ನು ಕುರಿತ ತನ್ನ ಗ್ರಂಥದಲ್ಲಿ ಗೆಲಿಲಿಯೋ, ನಿಶ್ಚಲ ಸ್ಥಿತಿಯಿಂದ ಕೆಳಗೆ ಬೀಳುವ ವಸ್ತುವು ಸಮಾನ ಕಾಲಾವಧಿಗಳಲ್ಲಿ ಕ್ರಮಿಸುವ ದೂರಗಳು 1, 3, 5, 7 ಎಂಬ ಅನುಪಾತದಲ್ಲಿ ಇರುತ್ತವೆ ಎಂದು ತೋರಿಸಿದನು. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಭೂಮಿಯ ಮೇಲೆ ಬೀಳುವ ಕಲ್ಲು ಮೊದಲ ಸೆಕೆಂಡಿನಲ್ಲಿ ಸುಮಾರು 4.9 ಮೀಟರ್, ಎರಡನೆಯ ಸೆಕೆಂಡಿನಲ್ಲಿ ಅದರ ಮೂರು ಪಟ್ಟು, ಅಂದರೆ 14.7 ಮೀಟರ್, ಮೂರನೆಯದರಲ್ಲಿ ಐದು ಪಟ್ಟು, ಅಂದರೆ 24.5 ಮೀಟರ್ ಇಳಿಯುತ್ತದೆ. ಬೆಸಸಂಖ್ಯೆಗಳ ಮೊತ್ತ ವರ್ಗವೇ ಆಗಿರುವ ಕಾರಣ ಮೊದಲಿನಿಂದ ಇಳಿದ ಒಟ್ಟು ದೂರ 4.9, 19.6, 44.1 ಮೀಟರುಗಳಾಗಿ, 1, 4, 9 ಎಂಬ ಅನುಪಾತದಲ್ಲಿ ಬೆಳೆಯುತ್ತದೆ. ಬೀಳುವ ವಸ್ತು ಕ್ರಮಿಸಿದ ದೂರ ಕಾಲದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬ ಭೌತಶಾಸ್ತ್ರದ ನಿಯಮ ಹುಣಸೆ ಬೀಜಗಳ ಚೌಕದಲ್ಲಿ ಕಂಡ ಸತ್ಯವೇ. ಅದೇ ಗ್ರಂಥದಲ್ಲಿ ಗೆಲಿಲಿಯೋ ಇನ್ನೊಂದು ವಿಸ್ಮಯವನ್ನೂ ಚರ್ಚಿಸಿದ್ದಾನೆ. ನೂರರವರೆಗಿನ ಸಂಖ್ಯೆಗಳಲ್ಲಿ ಹತ್ತು ಪೂರ್ಣವರ್ಗಗಳಿವೆ, ಹತ್ತು ಸಾವಿರದವರೆಗೆ ನೂರು, ಹತ್ತು ಲಕ್ಷದವರೆಗೆ ಕೇವಲ ಸಾವಿರ. ಮುಂದೆ ಹೋದಷ್ಟೂ ಅವು ವಿರಳವಾಗುತ್ತವೆ. ಹೀಗಿದ್ದರೂ ಪ್ರತಿಯೊಂದು ಸಂಖ್ಯೆಗೂ ಅದರದೇ ಒಂದು ವರ್ಗ ಇರುವುದರಿಂದ ಇಡೀ ಸಂಖ್ಯಾಸಮೂಹವನ್ನೂ ವರ್ಗಗಳ ಸಮೂಹವನ್ನೂ ಒಂದಕ್ಕೊಂದರಂತೆ ಜೋಡಿಸಬಹುದು. ಅನಂತ ಸಮೂಹಗಳಿಗೆ ಹೆಚ್ಚು ಕಡಿಮೆ ಎಂಬ ಮಾತುಗಳೇ ಸಲ್ಲುವುದಿಲ್ಲ ಎಂಬ ತೀರ್ಮಾನಕ್ಕೆ ಗೆಲಿಲಿಯೋ ಬಂದನು. ಹತ್ತೊಂಬತ್ತನೆಯ ಶತಮಾನದಲ್ಲಿ ಗೇಯಾರ್ಗ್ ಕ್ಯಾಂಟರ್ ಅನಂತಗಳನ್ನು ಹೋಲಿಸುವ ಶಾಸ್ತ್ರವನ್ನೇ ಕಟ್ಟಿದಾಗ ಇಂಥ ಜೋಡಣೆಯೇ ಅದರ ಅಡಿಗಲ್ಲಾಯಿತು.

ದೊಡ್ಡ ಸಂಖ್ಯೆಯೊಂದು ಎದುರಿಗಿದ್ದಾಗ ಅದು ಪೂರ್ಣವರ್ಗ ಹೌದೋ ಅಲ್ಲವೋ ಎಂದು ಗುರುತಿಸುವ ಪ್ರಶ್ನೆಗೆ ಮೊದಲ ಉತ್ತರ ಅದರ ಕೊನೆಯ ಅಂಕಿಗಳಲ್ಲಿ ದೊರೆಯುತ್ತದೆ. ವರ್ಗದ ಬಿಡಿ ಸ್ಥಾನದ ಅಂಕಿಯನ್ನು ನಿರ್ಧರಿಸುವುದು ಮೂಲ ಸಂಖ್ಯೆಯ ಬಿಡಿ ಸ್ಥಾನ ಮಾತ್ರ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳ ವರ್ಗಗಳು ಕ್ರಮವಾಗಿ 0, 1, 4, 9, 6, 5, 6, 9, 4, 1ರಲ್ಲಿ ಮುಗಿಯುವುದರಿಂದ 2, 3, 7, 8 ಇವುಗಳಲ್ಲಿ ಮುಗಿಯುವ ಯಾವ ಸಂಖ್ಯೆಯೂ ಪೂರ್ಣವರ್ಗವಲ್ಲ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ, ಆದರೆ ಹತ್ತರ ಸ್ಥಾನಕ್ಕೂ ಒಂದು ಕಟ್ಟುಪಾಡಿದೆ. 47ನ್ನು 40 ಮತ್ತು 7 ಎಂದು ಒಡೆದು ವರ್ಗ ಮಾಡಿದರೆ 40ರ ವರ್ಗ 1,600, ಎರಡರ ಪರಸ್ಪರ ಗುಣಲಬ್ಧದ ಇಮ್ಮಡಿ 560, 7ರ ವರ್ಗ 49 ಎಂಬ ಮೂರು ಭಾಗಗಳು ಬರುತ್ತವೆ. ಮೊದಲ ಭಾಗ ಹತ್ತರ ಸ್ಥಾನವನ್ನು ಮುಟ್ಟುವುದೇ ಇಲ್ಲ, ನಡುವಿನ ಭಾಗ ಯಾವಾಗಲೂ ಇಪ್ಪತ್ತರ ಗುಣಕವಾದ್ದರಿಂದ ಹತ್ತರ ಸ್ಥಾನಕ್ಕೆ ಸಮಸಂಖ್ಯೆಯನ್ನೇ ಸೇರಿಸುತ್ತದೆ. ಹೀಗಾಗಿ ಆ ಸ್ಥಾನದಲ್ಲಿ ಬೆಸ ಅಂಕಿ ಬರಬೇಕಾದರೆ ಅದು ಕೊನೆಯ ಭಾಗದಿಂದಲೇ ಬರಬೇಕು, ಮತ್ತು ಒಂದಂಕಿಯ ವರ್ಗಗಳಲ್ಲಿ ಹತ್ತರ ಸ್ಥಾನ ಬೆಸವಾಗಿರುವುದು 16 ಮತ್ತು 36 ಎರಡರಲ್ಲಿ ಮಾತ್ರ. ಪೂರ್ಣವರ್ಗವೊಂದರ ಹತ್ತರ ಸ್ಥಾನದಲ್ಲಿ ಬೆಸ ಅಂಕಿ ಇದ್ದರೆ ಬಿಡಿ ಸ್ಥಾನದಲ್ಲಿ 6 ಇರಲೇಬೇಕು ಎಂಬುದು ಇದರಿಂದ ಸಿದ್ಧವಾಗುತ್ತದೆ. 11, 111, 1111 ಎಂದು ಒಂದುಗಳನ್ನೇ ಎಷ್ಟು ಉದ್ದಕ್ಕೆ ಬರೆದರೂ ಅದು ಪೂರ್ಣವರ್ಗವಾಗಲಾರದೆಂಬುದನ್ನು ಯಾವ ಗುಣಾಕಾರವನ್ನೂ ಮಾಡದೆ ಹೇಳಬಹುದು.

ಅಂಕಿಗಳನ್ನು ಕೂಡಿ, ಬಂದ ಮೊತ್ತದ ಅಂಕಿಗಳನ್ನು ಮತ್ತೆ ಕೂಡಿ, ಒಂದೇ ಅಂಕಿ ಉಳಿಯುವವರೆಗೆ ಮುಂದುವರಿದರೆ ಪೂರ್ಣವರ್ಗಗಳಲ್ಲಿ 1, 4, 7, 9 ಇವುಗಳಲ್ಲೊಂದು ಮಾತ್ರ ಉಳಿಯುತ್ತದೆ. ಇದು ಒಂಬತ್ತರಿಂದ ಭಾಗಿಸಿದಾಗ ಉಳಿಯುವ ಶೇಷಕ್ಕೆ ಸಂಬಂಧಿಸಿದ ಗುಣ. 1,236 ಎಂಬ ಸಂಖ್ಯೆ ಕೊನೆಯ ಎರಡು ಅಂಕಿಗಳ ಪರೀಕ್ಷೆಯಲ್ಲಿ ಗೆದ್ದರೂ ಅಂಕಿಗಳ ಮೊತ್ತ 12, ಅದರಿಂದ 3 ಬರುವ ಕಾರಣ ಇಲ್ಲಿ ಸೋಲುತ್ತದೆ. ಈ ಪರೀಕ್ಷೆಗಳು ಒಂದು ಸಂಖ್ಯೆಯನ್ನು ವರ್ಗವಲ್ಲವೆಂದು ತಳ್ಳಿಹಾಕಬಲ್ಲವೇ ಹೊರತು ವರ್ಗವೆಂದು ಸ್ಥಾಪಿಸಲಾರವು ಎಂಬುದನ್ನು ಮರೆಯಬಾರದು. 136 ಎಲ್ಲವನ್ನೂ ದಾಟಿ ಬರುತ್ತದೆ, ಆದರೂ ಅದು 121 ಮತ್ತು 144ರ ನಡುವೆ ಬಿದ್ದಿರುವ, ಪೂರ್ಣವರ್ಗವಲ್ಲದ ಸಂಖ್ಯೆ.

ಸಂದೇಹಕ್ಕೆ ಎಡೆಯಿಲ್ಲದ ನಿರ್ಣಯ ಸಿಗುವುದು ಅವಿಭಾಜ್ಯ ಅಪವರ್ತನಗಳಲ್ಲಿ. ಒಂದು ಮತ್ತು ಅದೇ ಸಂಖ್ಯೆಯನ್ನು ಬಿಟ್ಟರೆ ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ 2, 3, 5, 7, 11 ಮೊದಲಾದವುಗಳನ್ನು ಅವಿಭಾಜ್ಯ ಸಂಖ್ಯೆಗಳೆನ್ನುತ್ತಾರೆ; ಒಂದಕ್ಕಿಂತ ದೊಡ್ಡದಾದ ಪ್ರತಿ ಸಂಖ್ಯೆಯನ್ನೂ ಇಂಥವುಗಳ ಗುಣಲಬ್ಧವಾಗಿ ಒಂದೇ ಒಂದು ರೀತಿಯಲ್ಲಿ ಒಡೆಯಬಹುದು. ಯಾವುದೇ ಸಂಖ್ಯೆಯನ್ನು ವರ್ಗ ಮಾಡಿದಾಗ ಅದರ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ ಇಮ್ಮಡಿಯಾಗುವುದರಿಂದ, ಪೂರ್ಣವರ್ಗದಲ್ಲಿ ಅವೆಲ್ಲವೂ ಜೋಡಿ ಜೋಡಿಯಾಗಿಯೇ ಇರುತ್ತವೆ. 7,056ನ್ನು ಒಡೆದರೆ ನಾಲ್ಕು 2ಗಳು, ಎರಡು 3ಗಳು, ಎರಡು 7ಗಳು ದೊರೆಯುತ್ತವೆ. ಪ್ರತಿ ಜೋಡಿಯಿಂದ ಒಂದೊಂದನ್ನು ತೆಗೆದು ಗುಣಿಸಿದರೆ ಬರುವ 84 ಅದರ ವರ್ಗಮೂಲ. 2,352ರಲ್ಲಿ ನಾಲ್ಕು 2ಗಳು, ಎರಡು 7ಗಳು ಇದ್ದರೂ 3 ಒಂಟಿಯಾಗಿ ನಿಂತಿದೆ, ಆದ್ದರಿಂದ ಅದು ಪೂರ್ಣವರ್ಗವಲ್ಲ. ಮೂರರಿಂದ ಗುಣಿಸಿ ಜೋಡಿ ಒದಗಿಸಿದ ಕೂಡಲೇ ಅದು 7,056 ಆಗಿ ವರ್ಗವಾಗುತ್ತದೆ. ಸೊನ್ನೆಗಳಲ್ಲಿ ಮುಗಿಯುವ ವರ್ಗಗಳಲ್ಲಿ ಸೊನ್ನೆಗಳ ಸಂಖ್ಯೆ ಸಮವಾಗಿಯೇ ಇರುವುದಕ್ಕೂ 2 ಮತ್ತು 5ಗಳ ಈ ಜೋಡಿಯೇ ಕಾರಣ. ಇನ್ನು ಒಂದು ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳನ್ನೆಲ್ಲ ಎಣಿಸಿದರೆ ಅಲ್ಲಿಯೂ ಬೆಸಸಂಖ್ಯೆ ತಲೆಯೆತ್ತುತ್ತದೆ. ಸಾಮಾನ್ಯವಾಗಿ ಭಾಜಕಗಳು ಎರಡೆರಡಾಗಿ ಬರುತ್ತವೆ. 36ಕ್ಕೆ 1ರ ಜೊತೆ 36, 2ರ ಜೊತೆ 18, 3ರ ಜೊತೆ 12, 4ರ ಜೊತೆ 9 ಇವೆ, ಆದರೆ 6ಕ್ಕೆ ಜೊತೆಗಾರ ಅದೇ 6. ಈ ಕಾರಣಕ್ಕೆ 36ಕ್ಕೆ ಒಂಬತ್ತು ಭಾಜಕಗಳು, ಮತ್ತು ಭಾಜಕಗಳ ಸಂಖ್ಯೆ ಬೆಸವಾಗಿರುವುದು ಪೂರ್ಣವರ್ಗಗಳಿಗೆ ಮಾತ್ರ ಮೀಸಲಾದ ಲಕ್ಷಣ.

ಅಪವರ್ತನಗಳನ್ನು ಹುಡುಕುವುದು ಪ್ರಯಾಸವೆನಿಸುವ ಸಂಖ್ಯೆಗಳಿಗೆ ವರ್ಗಮೂಲವನ್ನು ಅಂಕಿ ಅಂಕಿಯಾಗಿ ಹೊರತೆಗೆಯುವ ಕ್ರಮವನ್ನು ಆರ್ಯಭಟ ಕ್ರಿ.ಶ. 499ರ 'ಆರ್ಯಭಟೀಯ'ದ ಗಣಿತಪಾದದಲ್ಲಿ ಒಂದೇ ಶ್ಲೋಕದಲ್ಲಿ ಅಡಕಗೊಳಿಸಿದ್ದಾನೆ. ಬಲದಿಂದ ಎಡಕ್ಕೆ ಅಂಕಿಗಳನ್ನು ಎರಡೆರಡಾಗಿ ವಿಂಗಡಿಸಿ, ಕಂಡುಕೊಂಡ ಮೂಲದ ಇಮ್ಮಡಿಯಿಂದ ಭಾಗಿಸುತ್ತ ಮುಂದುವರಿಯುವ ಇಂದಿನ ಶಾಲೆಯ ಭಾಗಾಕಾರ ವಿಧಾನದ ತಿರುಳು ಅದರಲ್ಲಿಯೇ ಇದೆ. 7,569ನ್ನು 75 ಮತ್ತು 69 ಎಂದು ವಿಂಗಡಿಸಿದರೆ 75ರೊಳಗೆ ಅಡಗುವ ಅತಿ ದೊಡ್ಡ ವರ್ಗ 64, ಆದ್ದರಿಂದ ಮೂಲದ ಮೊದಲ ಅಂಕಿ 8. ಉಳಿದ 11ರ ಮುಂದೆ 69ನ್ನು ಇಳಿಸಿಕೊಂಡರೆ 1,169. ಎಂಟರ ಇಮ್ಮಡಿಯಾದ 16ರ ಮುಂದೆ ಯಾವ ಅಂಕಿಯನ್ನಿಟ್ಟು ಅದೇ ಅಂಕಿಯಿಂದ ಗುಣಿಸಿದರೆ 1,169 ಬರುತ್ತದೆಂದು ನೋಡಿದಾಗ 167ನ್ನು 7ರಿಂದ ಗುಣಿಸಿದರೆ ಸರಿಹೊಂದುತ್ತದೆ, ಮೂಲ 87. ಇಮ್ಮಡಿ ಮಾಡುವುದೇಕೆಂದು ಬಹುಪಾಲು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟಿರುವುದಿಲ್ಲ. 80 ಸಾಲುಗಳ ಚೌಕವನ್ನು 87 ಸಾಲುಗಳಿಗೆ ಹಿಗ್ಗಿಸಿದಾಗ ಬದಿಯಲ್ಲೊಂದು, ಕೆಳಗೊಂದು, ಹೀಗೆ 80ಕ್ಕೆ 7ರ ಅಳತೆಯ ಎರಡು ಪಟ್ಟಿಗಳೂ ಮೂಲೆಯಲ್ಲಿ 7ರ ಒಂದು ಪುಟ್ಟ ಚೌಕವೂ ಸೇರುತ್ತವೆ. ಆ ಎರಡು ಪಟ್ಟಿಗಳೇ ಇಮ್ಮಡಿ ಮಾಡುವುದಕ್ಕೆ ಕಾರಣ.

ಪೂರ್ಣವರ್ಗವಲ್ಲದ ಸಂಖ್ಯೆಗಳ ವರ್ಗಮೂಲದ ಕತೆ ಇನ್ನಷ್ಟು ಆಳವಾದದ್ದು. 2ರ ವರ್ಗಮೂಲ ಒಂದಕ್ಕೂ ಎರಡಕ್ಕೂ ನಡುವೆ ಇದೆ, ಆದರೆ ಅದನ್ನು ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲು ಸಾಧ್ಯವಿಲ್ಲ. ಹಾಗೆ ಬರೆಯಲು ಸಾಧ್ಯವಿದ್ದಿದ್ದರೆ ಒಂದು ಪೂರ್ಣವರ್ಗವು ಮತ್ತೊಂದು ಪೂರ್ಣವರ್ಗದ ಸರಿಯಾಗಿ ಎರಡರಷ್ಟು ಆಗಬೇಕಿತ್ತು. ಮೊದಲನೆಯದರಲ್ಲಿ 2 ಎಂಬ ಅಪವರ್ತನ ಸಮಸಂಖ್ಯೆಯಷ್ಟು ಸಲ ಬರುತ್ತದೆ, ಎರಡನೆಯದನ್ನು ಇಮ್ಮಡಿಸಿದಾಗ ಒಂದು 2 ಹೆಚ್ಚಾಗಿ ಅದು ಬೆಸಸಂಖ್ಯೆಯಷ್ಟು ಸಲ ಬರುತ್ತದೆ, ಇವೆರಡೂ ಸಮವಾಗಲಾರವು. ಹೀಗೆ ಭಿನ್ನರಾಶಿಗೆ ಸಿಲುಕದ ಸಂಖ್ಯೆಯನ್ನು ಅಭಾಗಲಬ್ಧ ಸಂಖ್ಯೆ ಎನ್ನುತ್ತಾರೆ. ಸರಿಯಾದ ಉತ್ತರವಿಲ್ಲದಿದ್ದರೂ ಅತಿ ಸಮೀಪದ ಉತ್ತರವನ್ನು ಯಜ್ಞವೇದಿಗಳ ಅಳತೆಯನ್ನು ವಿವರಿಸುವ ಶುಲ್ಬಸೂತ್ರಗಳು ಕೊಡುತ್ತವೆ. ಬೌಧಾಯನ ಶುಲ್ಬಸೂತ್ರದ ಪ್ರಕಾರ ಚೌಕದ ಬದಿಗೆ ಅದರ ಮೂರನೆಯ ಒಂದು ಭಾಗವನ್ನೂ, ಆ ಭಾಗದ ನಾಲ್ಕನೆಯ ಒಂದು ಭಾಗವನ್ನೂ ಕೂಡಿಸಿ, ಕೊನೆಯದಾಗಿ ಕೂಡಿಸಿದ್ದರ ಮೂವತ್ತನಾಲ್ಕನೆಯ ಒಂದು ಭಾಗವನ್ನು ಕಳೆದರೆ ಕರ್ಣದ ಉದ್ದ ಬರುತ್ತದೆ. ಲೆಕ್ಕ ಹಾಕಿದರೆ ಇದು 577/408, ದಶಮಾಂಶದಲ್ಲಿ 1.4142157, ನಿಜವಾದ ಬೆಲೆ 1.4142136. ಈ ಭಿನ್ನರಾಶಿಯ ಎರಡೂ ಸಂಖ್ಯೆಗಳ ವರ್ಗಗಳನ್ನು ನೋಡಿದಾಗ ಅದರ ಶ್ರೇಷ್ಠತೆ ಅರಿವಾಗುತ್ತದೆ: 577ರ ವರ್ಗ 3,32,929, 408ರ ವರ್ಗದ ಇಮ್ಮಡಿ 3,32,928. ಸಮವಾಗುವುದು ಅಸಾಧ್ಯವೆಂದಾದ ಮೇಲೆ ಒಂದೇ ಒಂದರ ವ್ಯತ್ಯಾಸಕ್ಕಿಂತ ಹತ್ತಿರ ಹೋಗುವುದು ಸಾಧ್ಯವೇ ಇಲ್ಲ.

ಈ ಒಂದರ ವ್ಯತ್ಯಾಸವೇ ಭಾರತೀಯ ಗಣಿತದ ಅತ್ಯುನ್ನತ ಸಾಧನೆಗಳಲ್ಲೊಂದಕ್ಕೆ ವಿಷಯವಾಯಿತು. ಕೊಟ್ಟ ಸಂಖ್ಯೆಯೊಂದನ್ನು ಯಾವ ಪೂರ್ಣವರ್ಗದಿಂದ ಗುಣಿಸಿ ಒಂದನ್ನು ಕೂಡಿದರೆ ಮತ್ತೆ ಪೂರ್ಣವರ್ಗವೇ ದೊರೆಯುತ್ತದೆ ಎಂಬ ಪ್ರಶ್ನೆಯನ್ನು ವರ್ಗಪ್ರಕೃತಿ ಎಂದು ಕರೆದರು. ಕ್ರಿ.ಶ. 628ರ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಬ್ರಹ್ಮಗುಪ್ತ 92 ಎಂಬ ಸಂಖ್ಯೆಗೆ ಇದನ್ನು ಬಿಡಿಸಿದ್ದಾನೆ: 120ರ ವರ್ಗವನ್ನು 92ರಿಂದ ಗುಣಿಸಿ ಒಂದನ್ನು ಕೂಡಿದರೆ 13,24,801 ಬರುತ್ತದೆ, ಅದು 1,151ರ ವರ್ಗ. ಹನ್ನೆರಡನೆಯ ಶತಮಾನದಲ್ಲಿ ಭಾಸ್ಕರಾಚಾರ್ಯ 'ಬೀಜಗಣಿತ'ದಲ್ಲಿ ಚಕ್ರವಾಲ ಎಂಬ ಕ್ರಮವನ್ನು ಬಳಸಿ 61ಕ್ಕೆ ಉತ್ತರ ಕಂಡುಹಿಡಿದನು. ಒಂದು ಹೆಜ್ಜೆಯ ಉತ್ತರವನ್ನೇ ಮುಂದಿನ ಹೆಜ್ಜೆಗೆ ಆಧಾರವಾಗಿಸಿಕೊಂಡು, ಚಕ್ರದಂತೆ ಮರಳಿ ಮರಳಿ ಅದೇ ಕ್ರಿಯೆಯನ್ನು ನಡೆಸುವುದು ಈ ಕ್ರಮದ ಸ್ವರೂಪ. 61ಕ್ಕೆ ದೊರೆಯುವ ಅತಿ ಚಿಕ್ಕ ಉತ್ತರವೇ 22,61,53,980ರ ವರ್ಗ, ಅದರಿಂದ ಹುಟ್ಟುವುದು 1,76,63,19,049ರ ವರ್ಗ. ಒಂದೊಂದೇ ಸಂಖ್ಯೆಯನ್ನು ಹಾಕಿ ನೋಡುತ್ತ ಕುಳಿತವರು ಇಪ್ಪತ್ತೆರಡು ಕೋಟಿಗೂ ಮೀರಿ ವಿಫಲ ಪ್ರಯತ್ನಗಳನ್ನು ಮಾಡಬೇಕಾಗುತ್ತಿತ್ತು ಎಂಬುದನ್ನು ನೆನೆದರೆ ಈ ಕ್ರಮದ ಶಕ್ತಿ ತಿಳಿಯುತ್ತದೆ. ಫ್ರಾನ್ಸಿನ ಗಣಿತಜ್ಞ ಫೆರ್ಮಾ 1657ರಲ್ಲಿ ಯುರೋಪಿನ ವಿದ್ವಾಂಸರಿಗೆ ಒಡ್ಡಿದ ಸವಾಲುಗಳಲ್ಲಿ ಇದೇ 61ರ ಪ್ರಶ್ನೆಯೂ ಇತ್ತು. ಭಾಸ್ಕರನು ಐನೂರು ವರ್ಷಗಳ ಹಿಂದೆಯೇ ಅದನ್ನು ಬಿಡಿಸಿದ್ದುದು ಅಲ್ಲಿನವರಿಗೆ ಆಗ ತಿಳಿದಿರಲಿಲ್ಲ.

ಬೆಸಸಂಖ್ಯೆಗಳ ಸೂತ್ರ ಕಟ್ಟಡ ಕಟ್ಟುವ ಜಾಗದಲ್ಲಿಯೂ ಕೆಲಸ ಮಾಡುತ್ತಿರುತ್ತದೆ. ಬೆಂಗಳೂರಿನಲ್ಲಿ ಬಹುಸಾಮಾನ್ಯವಾದ ಮೂವತ್ತು ಅಡಿಗೆ ನಲವತ್ತು ಅಡಿಯ ನಿವೇಶನದ ವಿಸ್ತೀರ್ಣ 1,200 ಚದರ ಅಡಿ, ಅದು ಪೂರ್ಣವರ್ಗವಲ್ಲ. ಆದರೆ ಬದಿಗಳ ವರ್ಗಗಳಾದ 900 ಮತ್ತು 1,600ನ್ನು ಕೂಡಿದಾಗ ಬರುವ 2,500 ಪೂರ್ಣವರ್ಗ, ಆದ್ದರಿಂದ ಮೂಲೆಯಿಂದ ಮೂಲೆಗೆ ಟೇಪು ಹಿಡಿದಾಗ ಸರಿಯಾಗಿ ಐವತ್ತು ಅಡಿ ಬಂದರೆ ನಿವೇಶನದ ಮೂಲೆ ಲಂಬಕೋನದಲ್ಲಿದೆ ಎಂದು ಮೇಸ್ತ್ರಿ ನಿರ್ಧರಿಸಬಹುದು. ನಲವತ್ತಕ್ಕೆ ಅರವತ್ತರ ನಿವೇಶನಕ್ಕೆ ಈ ಅನುಕೂಲವಿಲ್ಲ, ಏಕೆಂದರೆ 5,200 ಪೂರ್ಣವರ್ಗವಲ್ಲ, ಅದರ ಕರ್ಣ 72 ಅಡಿಗಿಂತ ತುಸು ಹೆಚ್ಚು. ಎರಡು ವರ್ಗಗಳ ಮೊತ್ತ ಮೂರನೆಯ ವರ್ಗವಾಗುವ ಇಂಥ ಸಂಖ್ಯಾತ್ರಯಗಳನ್ನು ಹುಡುಕಲು ಬೆಸಸಂಖ್ಯೆಗಳೇ ದಾರಿ ತೋರುತ್ತವೆ. ಕ್ರಮಾಗತ ವರ್ಗಗಳ ನಡುವಿನ ವ್ಯತ್ಯಾಸಗಳಲ್ಲಿ ಪ್ರತಿಯೊಂದು ಬೆಸಸಂಖ್ಯೆಯೂ ಬರುತ್ತದೆ, ಅವುಗಳಲ್ಲಿ ಕೆಲವು ತಾವೇ ವರ್ಗಗಳಾಗಿರುತ್ತವೆ. 16 ಮತ್ತು 25ರ ನಡುವಿನ ವ್ಯತ್ಯಾಸ 9, ಇದರಿಂದ 3, 4, 5; 144 ಮತ್ತು 169ರ ನಡುವೆ 25, ಇದರಿಂದ 5, 12, 13; 576 ಮತ್ತು 625ರ ನಡುವೆ 49, ಇದರಿಂದ 7, 24, 25. ಈ ಮೂರೂ ಆಯತಗಳ ಬದಿಗಳನ್ನು ಬೌಧಾಯನ ಉದಾಹರಣೆಗಳಾಗಿ ಎಣಿಸಿದ್ದಾನೆ.

ವರ್ಗಗಳ ವ್ಯತ್ಯಾಸಕ್ಕೆ ಆಧುನಿಕ ಕಾಲದಲ್ಲಿ ಒದಗಿದ ಮಹತ್ವ ಇನ್ನೂ ದೊಡ್ಡದು. ದೊಡ್ಡ ಸಂಖ್ಯೆಯನ್ನು ಅಪವರ್ತನಗಳಾಗಿ ಒಡೆಯಬೇಕಾದಾಗ ಅದನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಲು ಸಾಧ್ಯವೇ ಎಂದು ನೋಡುವ ಕ್ರಮವನ್ನು ಫೆರ್ಮಾ ಬಳಸಿದನು. 8,051ನ್ನು 2, 3, 5 ಎಂದು ಕ್ರಮವಾಗಿ ಭಾಗಿಸುತ್ತ ಹೋದರೆ ಬಹಳ ಹೊತ್ತು ಏನೂ ಸಿಗುವುದಿಲ್ಲ, ಆದರೆ ಅದರ ಮೇಲಿನ ಪೂರ್ಣವರ್ಗ 8,100 ಎಂದು ಗಮನಿಸಿದರೆ ವ್ಯತ್ಯಾಸ 49, ಅದೂ ಪೂರ್ಣವರ್ಗ. 90ರಿಂದ 7 ಕಳೆದಾಗ ಬರುವ 83, ಕೂಡಿದಾಗ ಬರುವ 97, ಇವೆರಡೇ ಅದರ ಅಪವರ್ತನಗಳು. ಇದು ಮಹಾವೀರಾಚಾರ್ಯನ ಎರಡನೆಯ ದಾರಿಯನ್ನು ತಿರುಗಿಸಿ ಹಿಡಿದಂತೆಯೇ ಸರಿ. ಇದೇ ವಿಚಾರವನ್ನು ಬಹಳ ಮುಂದಕ್ಕೆ ಕೊಂಡೊಯ್ದು ಅಮೆರಿಕದ ಗಣಿತಜ್ಞ ಕಾರ್ಲ್ ಪಾಮರನ್ಸ್ 1981ರಲ್ಲಿ ವರ್ಗಜರಡಿ ಎನ್ನಬಹುದಾದ ಕಂಪ್ಯೂಟರ್ ವಿಧಾನವನ್ನು ರೂಪಿಸಿದರು; ಅಸಂಖ್ಯ ಸಂಖ್ಯೆಗಳನ್ನು ಸೋಸಿ, ಅವುಗಳಲ್ಲಿ ಕೆಲವನ್ನು ಗುಣಿಸಿದಾಗ ಒಂಟಿ ಅಪವರ್ತನಗಳೆಲ್ಲ ಜೋಡಿಯಾಗಿ ಪೂರ್ಣವರ್ಗ ಮೂಡುವಂತೆ ಆರಿಸುವುದು ಇದರ ಮರ್ಮ. ದೊಡ್ಡ ಸಂಖ್ಯೆಗಳನ್ನು ಒಡೆಯುವುದು ಕಷ್ಟವೆಂಬ ನಂಬಿಕೆಯ ಮೇಲೆಯೇ ಒಂದು ಬಗೆಯ ಗೂಢಲಿಪಿಯ ಭದ್ರತೆ ನಿಂತಿರುವುದನ್ನು ತೋರಿಸಲು 1977ರಲ್ಲಿ ಸವಾಲಾಗಿ ಪ್ರಕಟಿಸಲಾಗಿದ್ದ 129 ಅಂಕಿಗಳ ಆರ್‌ಎಸ್‌ಎ-129 ಎಂಬ ಸಂಖ್ಯೆ 1994ರಲ್ಲಿ ಒಡೆದದ್ದು ಈ ವಿಧಾನದಿಂದಲೇ. ಅಂತರ್ಜಾಲದ ಮೂಲಕ ಸುಮಾರು 600 ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳನ್ನು ಆ ಕೆಲಸಕ್ಕೆ ಒದಗಿಸಿದ್ದರು, ಮತ್ತು ಆ ಸಂಖ್ಯೆ 64 ಹಾಗೂ 65 ಅಂಕಿಗಳ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವೆಂದು ಸಿದ್ಧವಾಯಿತು.

ಇಷ್ಟು ಹಳೆಯ ಸಂಖ್ಯೆಗಳ ಬಗ್ಗೆ ಕೇಳಬಹುದಾದ ಸರಳ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಂದಿಗೂ ಉತ್ತರವಿಲ್ಲ. ಪ್ರತಿಯೊಂದು ಧನಪೂರ್ಣಾಂಕವನ್ನೂ ಹೆಚ್ಚೆಂದರೆ ನಾಲ್ಕು ವರ್ಗಗಳ ಮೊತ್ತವಾಗಿ ಬರೆಯಬಹುದೆಂದು ಲಗ್ರಾಂಜ್ 1770ರಲ್ಲಿ ಸಾಧಿಸಿದ್ದಾನೆ. 7ಕ್ಕೆ 4+1+1+1 ಎಂದು ನಾಲ್ಕೂ ಬೇಕಾದರೆ 13ಕ್ಕೆ 9+4 ಎಂದು ಎರಡೇ ಸಾಕು. ಆದರೆ ಪೂರ್ಣವರ್ಗಕ್ಕಿಂತ ಒಂದು ಹೆಚ್ಚಾಗಿರುವ 2, 5, 17, 37, 101ರಂಥ ಅವಿಭಾಜ್ಯ ಸಂಖ್ಯೆಗಳು ಅನಂತವಾಗಿವೆಯೇ ಎಂಬುದು ಯಾರಿಗೂ ಗೊತ್ತಿಲ್ಲ. 1912ರಲ್ಲಿ ಕೇಂಬ್ರಿಜ್‌ನ ಗಣಿತಜ್ಞರ ಸಮ್ಮೇಳನದಲ್ಲಿ ಎಡ್ಮಂಡ್ ಲಾಂಡೌ ಎತ್ತಿ ತೋರಿಸಿದ ನಾಲ್ಕು ಕಠಿಣ ಪ್ರಶ್ನೆಗಳಲ್ಲಿ ಇದೂ ಒಂದು. ವರ್ಗಕ್ಕಿಂತ ಒಂದು ಹೆಚ್ಚಾದ ಇಂಥ ಸಂಖ್ಯೆಗಳಲ್ಲಿ ಹೆಚ್ಚೆಂದರೆ ಎರಡೇ ಅವಿಭಾಜ್ಯ ಅಪವರ್ತನಗಳುಳ್ಳವು ಅನಂತವಾಗಿವೆ ಎಂದು 1978ರಲ್ಲಿ ಹೆನ್ರಿಕ್ ಇವಾನಿಯೆಚ್ ತೋರಿಸಿದರು, ಆ ಎರಡನ್ನು ಒಂದಕ್ಕೆ ಇಳಿಸುವುದು ಸಾಧ್ಯವಾಗಿಲ್ಲ. ಅದೇ ಪಟ್ಟಿಯ ಇನ್ನೊಂದು ಪ್ರಶ್ನೆ ಕ್ರಮಾಗತ ವರ್ಗಗಳ ನಡುವಿನ ಜಾಗಕ್ಕೆ ಸಂಬಂಧಿಸಿದ್ದು, ಲೆಜಾಂಡ್ರ್ ಹೆಸರಿನಲ್ಲಿ ಪ್ರಸಿದ್ಧವಾದದ್ದು. 4 ಮತ್ತು 9ರ ನಡುವೆ 5, 7 ಇವೆ. 9 ಮತ್ತು 16ರ ನಡುವೆ 11, 13. 16 ಮತ್ತು 25ರ ನಡುವೆ 17, 19, 23. 100 ಮತ್ತು 121ರ ನಡುವೆ 101, 103, 107, 109, 113. ಬೆಸಸಂಖ್ಯೆಗಳ ಲೆಕ್ಕದಲ್ಲಿ ಹಿಗ್ಗುತ್ತ ಹೋಗುವ ಈ ಜಾಗಗಳಲ್ಲಿ ಪ್ರತಿಯೊಂದರಲ್ಲಿಯೂ ಕನಿಷ್ಠ ಒಂದು ಅವಿಭಾಜ್ಯ ಸಂಖ್ಯೆ ಇದ್ದೇ ಇರುತ್ತದೆಂದು ಕಂಪ್ಯೂಟರುಗಳು ಪರೀಕ್ಷಿಸಿದಷ್ಟು ದೂರವೂ ಕಂಡುಬಂದಿದೆ, ಎಲ್ಲ ವರ್ಗಗಳಿಗೂ ಅದು ನಿಜವೆಂಬ ಸಾಧನೆಯನ್ನು ಮಾತ್ರ ಇನ್ನೂ ಯಾರೂ ನೀಡಿಲ್ಲ.